ಶಿರೋದೀಪ ಮೀಮಾಂಸೆ: ಚಿಕ್ಕಜಾಜೂರು ಪಾಠ

ಶಾಸ್ತ್ರಗ್ರಂಥ ಯಾವುದೇ ಇರಲಿ, ಶುರುವಿನಲ್ಲೇ ನಾಲ್ಕು ಸಂಗತಿ ಇತ್ಯರ್ಥವಾಗಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯ, ಹಣೆಗೆ ಕಟ್ಟುವ, ಒಂದೇ ಶೆಲ್ಲಿನ, ಹಗುರಾದ, ಬೆಳಕನ್ನು ಅಗಲಕ್ಕೆ ಚೆಲ್ಲುವ ಬ್ಯಾಟ್ರಿ. ಪ್ರಯೋಜನ, ರಾತ್ರಿ ಎರಡು ಗಂಟೆಗೆ ತೋಟಕ್ಕೆ ಹೋದವನು ಬೆಳಗಿನ ಕಾಫಿ ಹೊತ್ತಿಗೆ ತನ್ನ ಕಾಲ ಮೇಲೆ ತಾನೇ ಮನೆಗೆ ಬರುವುದು. ಸಂಬಂಧ, ಹಣೆಗೂ ಪಟ್ಟಿಗೂ ಇರುವಂಥದ್ದು. ಎಲಾಸ್ಟಿಕ್ ಸಡಿಲವಾದ ದಿನ ಅದು ಕಡಿದುಹೋಗುತ್ತದೆ. ವಿವಾದವಿರುವುದು ಅಧಿಕಾರಿಯ ಬಗ್ಗೆ. ಶನಿವಾರ ಬಂತೆಂದರೆ ಬೆಟ್ಟ ಹತ್ತುವ ಬೆಂಗಳೂರಿನವರು ಈ ವಿದ್ಯೆ ತಮ್ಮದೇ ಎಂದು ತಿಳಿದಿದ್ದಾರೆ. ಅವರು ಕತ್ತಲಿಗೆ ಹೋಗುವುದು ದುಡ್ಡು ಕೊಟ್ಟು, ಖುಷಿಯಿಂದ. ಚಿಕ್ಕಜಾಜೂರು ಸುತ್ತಿನ ಅಡಿಕೆ ತೋಟದವನು ಹೋಗುವುದು ತ್ರೀ ಫೇಸ್ ಬಂದಾಗ. 10 ಎಚ್‌.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕ ಸರ್ಕಾರ ಕರೆಂಟನ್ನು ಪುಕ್ಕಟೆ ಕೊಡುತ್ತದೆ, ದಿನಕ್ಕೆ 7 ತಾಸು. ಆ ಏಳು ತಾಸು ಯಾವ ಜಾವದಲ್ಲಿ ಬರಬೇಕೆಂಬುದು ಫೀಡರಿನ ಚಿತ್ತ. ಆದ್ದರಿಂದ ಅಧಿಕಾರಿ ಈ ರೈತನೇ ಎಂದು ಗ್ರಂಥಕಾರನ ತೀರ್ಮಾನ. ಬೆಟ್ಟದವರು ಬೇಕಾದರೆ ಹೊರಗೆ ಜಗಲಿಯಲ್ಲಿ ಕೂತು ಕೇಳಬಹುದು.

ಇನ್ನು ಇತಿಹಾಸ. ಚಿಕ್ಕಜಾಜೂರಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಶಾಸನಗಳಿಗೆ ಬರವಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ತಾಯಿತಂದೆಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ನಿಜ ನುಡಿಯಬೇಕು ಎಂದು ಅಲ್ಲಿದೆ. ರಾತ್ರಿ ಮೋಟ್ರು ಹಾಕಲು ಹೋಗುವವನ ದೀಪದ ಬಗ್ಗೆ ಮೌರ್ಯ ಸಮ್ರಾಟನದು ಮೌನ. ಮುಂದಿನ ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗೆ ದತ್ತಿ ಬಿಟ್ಟ ಸಂಗತಿ ಹೇರಳವಾಗಿ ಸಿಗುತ್ತದೆ. ದತ್ತಿ ಎಷ್ಟು ದಿನ ನಡೆಯಬೇಕು? ಆಚಂದ್ರಾರ್ಕ. ದೀಪವೊಂದು ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಉಬ್ಬಿಸಿ ಹೇಳುವ ಪರಿಪಾಠ ಇಲ್ಲಿಂದಲೇ ಬಂದದ್ದು. ಈಗ ಡಬ್ಬಿಯ ಮೇಲೆ ಇನ್ನೂರು ಗಂಟೆ ಎಂದು ಅಚ್ಚು ಹಾಕುವವರು ಅದೇ ವಂಶದವರು. ವ್ಯತ್ಯಾಸವೊಂದಿದೆ: ಶಾಸನದವರು ಎಣ್ಣೆಯ ಖರ್ಚಿಗೆಂದು ಜಮೀನನ್ನೂ ಬರೆದುಕೊಟ್ಟಿದ್ದರು. ಡಬ್ಬಿಯವರ ಲೆಕ್ಕದ ಗುಟ್ಟು 2009ರ ಎಎನ್‌ಎಸ್‌ಐ ಎಫ್‌ಎಲ್‌1 ಎಂಬ ಅಮೆರಿಕದ ಮಾನದಂಡದಲ್ಲಿದೆ. ಅದರ ಪ್ರಕಾರ ಬೆಳಕು ಶುರುವಿನಲ್ಲಿದ್ದದ್ದರ ಶೇಕಡಾ 10ಕ್ಕೆ ಇಳಿಯುವ ತನಕವೂ ದೀಪ ಉರಿಯುತ್ತಿದೆ ಎಂದೇ ಅರ್ಥ. ಪಗಾರದ ಹತ್ತರಲ್ಲೊಂದು ಪಾಲು ಕೊಟ್ಟು ಪೂರ್ತಿ ಕೊಟ್ಟೆವೆಂದು ರುಜು ಹಾಕಿಸಿಕೊಳ್ಳುವ ಧಣಿಗಳಿಗೂ ಈ ಮಾನದಂಡ ಒಪ್ಪಿಗೆಯಾದೀತು.

ಎರಡೂ ಕೈ ಖಾಲಿಯಿರಬೇಕೆಂಬ ಸೂತ್ರಕ್ಕೆ ಓಬವ್ವನ ಕಿಂಡಿಯನ್ನು ಸಾಕ್ಷಿಯಾಗಿ ತರುವ ಆಸೆ ಈ ಜಿಲ್ಲೆಯ ಯಾವ ಪಂಡಿತನಿಗೂ ಆಗುತ್ತದೆ. ಒನಕೆ ಹಿಡಿದವಳಿಗೆ ಬ್ಯಾಟ್ರಿ ಹಿಡಿಯಲು ಮೂರನೇ ಕೈ ಎಲ್ಲಿ? ಆದರೆ ಕಥೆಯಲ್ಲಿ ಅದು ಕಾವಲಿನ ಗಂಡ ಊಟಕ್ಕೆ ಬಂದಿದ್ದ ಹೊತ್ತು, ಹಗಲು. ಸಾಕ್ಷಿಯನ್ನು ಕೈಬಿಡಲಾಗಿದೆ.

ಹಣೆಯ ಮೇಲೆ ದೀಪವಿಡುವ ಯೋಚನೆ ನಿಜಕ್ಕೂ ಗಣಿಯವರದು. ಕಾರ್ಬೈಡಿನ ಮೇಲೆ ನೀರು ಹನಿಸಿದರೆ ಬರುವ ಅಸಿಟಿಲಿನ್ ಅನಿಲವನ್ನು ಟೋಪಿಯ ಮೇಲೆಯೇ ಉರಿಸಿಕೊಂಡು ಅವರು ಪಾತಾಳಕ್ಕಿಳಿದರು. 1914ರ ಹೊತ್ತಿಗೆ ಎಡಿಸನ್ ಬ್ಯಾಟರಿಯ ಭಾರವನ್ನು ಸೊಂಟಕ್ಕೂ ಬಲ್ಬನ್ನು ಟೋಪಿಗೂ ಹಂಚಿಕೊಟ್ಟ. ಇಂಗಳದಾಳಿನ ತಾಮ್ರದ ಗಣಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ಈ ಜ್ಞಾನ ಅಡಿಕೆ ತೋಟದವರೆಗೆ ನಡೆದು ಬರಲಿಲ್ಲ. ಕೃಷಿಯಲ್ಲಿ ಬಹಳ ಕಾಲ ಕಂಕುಳ ಯುಗವೇ ನಡೆಯಿತು. ಮೂರು ದೊಡ್ಡ ಶೆಲ್ಲಿನ, ಅರ್ಧ ಕೆ.ಜಿ. ಹತ್ತಿರ ತೂಗುವ ಬ್ಯಾಟ್ರಿಯನ್ನು ಎಡಗಂಕುಳಲ್ಲಿ ಅವುಚಿ, ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದು, ಒಳಗಿದ್ದ ಹಲ್ಲಿ ಮೊಣಕೈ ಮೇಲೆ ಹಾರಿದರೂ ಕಂಕುಳು ಸಡಿಲಿಸದೆ ಫ್ಯೂಸಿಗೆ ತಂತಿ ಸುತ್ತುವುದು ಯೋಗಾಸನಗಳಲ್ಲಿ ಸೇರದೆ ಉಳಿದ ಒಂದು ಆಸನ. ಕಂಕುಳ ದೀಪ ಎದುರಿನ ಡಬ್ಬಿಗೆ ಬೀಳುವುದಿಲ್ಲ, ಪಕ್ಕದವರ ತೆಂಗಿನ ಸುಳಿಗೆ ಬೀಳುತ್ತದೆ. ಹೀಗಾಗಿ ಬ್ಯಾಟ್ರಿಯನ್ನು ಹಲ್ಲಲ್ಲಿ ಕಚ್ಚುವ ದಂತ ಸಂಪ್ರದಾಯ ಹುಟ್ಟಿತು. ಆ ಸಂಪ್ರದಾಯದವರು ಮನೆಯಿಂದ ಫೋನ್ ಬಂದರೆ ‘ಊಂ’ ಎಂಬ ಏಕಾಕ್ಷರದಲ್ಲೇ ಸಕಲವನ್ನೂ ಹೇಳಿ ಮುಗಿಸುತ್ತಾರೆ. ಕಡೆಗೆ ಬಂದದ್ದು ಜೇಬು ಸಂಪ್ರದಾಯ: ಟಾರ್ಚ್ ಹಚ್ಚಿದ ಮೊಬೈಲನ್ನು ಅಂಗಿಯ ಜೇಬಿಗೆ ಇಳಿಬಿಡುವುದು. ಇದರ ಅನುಯಾಯಿಗಳು ಡ್ರಿಪ್ ಪೈಪಿಗೆ ಬಗ್ಗಿದಾಗಲೆಲ್ಲ ಮೊಬೈಲು ಕಾಲುವೆಗೆ ಅರ್ಪಿತವಾಗುತ್ತದೆ.

ಈಗ ಶಾಸ್ತ್ರದ ತಿರುಳಾದ ವಿಸ್ತಾರ ಪ್ರಕರಣ. ಚಿಕ್ಕಜಾಜೂರು ಜಂಕ್ಷನ್ನು. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಗೆ ಹಳಿ ಕವಲೊಡೆಯುವುದು ಇಲ್ಲೇ. ಬೆಳಕಿನ ವಿಚಾರದಲ್ಲಿ ಊರಿನವರ ಬುದ್ಧಿ ಕೆಟ್ಟದ್ದು ರೈಲಿನ ದೆಸೆಯಿಂದ ಎಂದು ನಮ್ಮ ಪಕ್ಷ. ಹುಟ್ಟಿದಂದಿನಿಂದ ಇಂಜಿನ್ನಿನ ಹೆಡ್‌ಲೈಟ್ ನೋಡಿದವರು ಸಂತೆಯಲ್ಲಿ ಬ್ಯಾಟ್ರಿ ಕೈಗೆತ್ತಿಕೊಂಡರೆ ಕೇಳುವ ಮೊದಲ ಪ್ರಶ್ನೆ, “ಎಷ್ಟ್ ದೂರ ಹೊಡಿತತಿ?” ಮಾರುವವನಿಗೆ ಉತ್ತರ ಬಾಯಿಪಾಠ: “ಅರ್ಧ ಕಿಲೋಮೀಟ್ರು ಯಜಮಾನ್ರೆ, ಹೊಡದ್ ನೋಡ್ರಿ.” ಸಂತೆಯಲ್ಲಿ ಹಗಲು ಹನ್ನೆರಡು ಗಂಟೆಗೆ ಹೊಡೆದು ನೋಡಿ ಇಬ್ಬರೂ ತೃಪ್ತರಾಗುತ್ತಾರೆ. ಇಂಜಿನ್ನು ಹಣೆಗೆ ಕಟ್ಟಿಕೊಂಡಿರುವುದೂ ಶಿರೋದೀಪವೇ, ಒಪ್ಪೋಣ. ಆದರೆ ಅದು ನೋಡಬೇಕಾದ್ದು ಎದುರಿನ ಹಳಿಯೊಂದನ್ನೇ. ಅಡಿಕೆ ತೋಟದವನಿಗೆ ಹಳಿ ಎಲ್ಲಿದೆ?

ಲೆಕ್ಕ ಹಾಕಿಯೇ ನೋಡೋಣ. ದೀಪದ ದೂರ ಅಳೆಯಲು ಮೇಲೆ ಹೇಳಿದ ಮಾನದಂಡ ಹಿಡಿದಿರುವ ಗಡಿ 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. 100 ಲ್ಯೂಮೆನ್ ಬೆಳಕನ್ನು 10 ಡಿಗ್ರಿಯ ಕಿರುಕೋನಕ್ಕೆ ಹಿಂಡಿದರೆ ಸುಮಾರು 4,200 ಕ್ಯಾಂಡೆಲಾ. 129 ಮೀಟರ್ ದೂರದಲ್ಲಿಯೂ ಬೆಳದಿಂಗಳು. ಅದೇ 100 ಲ್ಯೂಮೆನ್ನನ್ನು 120 ಡಿಗ್ರಿಗೆ ಹರವಿದರೆ ಸುಮಾರು 32 ಕ್ಯಾಂಡೆಲಾ; 11 ಮೀಟರಿಗೇ ಮುಗಿಯಿತು. ಇಲ್ಲಿಗೆ ಸಂತೆಯವನು ಗೆದ್ದ. ಆದರೆ ಹಣೆಯಿಂದ ನೆಲಕ್ಕೆ 1.6 ಮೀಟರ್ ಎಂದಿಟ್ಟುಕೊಂಡು ತಲೆ ಬಗ್ಗಿಸಿ ನೋಡಿ. ದೂರ ಹೊಡೆಯುವ ದೀಪ ಕಾಲ ಬುಡದಲ್ಲಿ ಬೆಳಗಿಸುವುದು ಒಂದಡಿ ಅಗಲದ ವೃತ್ತವನ್ನು. ಬಲಗಾಲು ಕಂಡರೆ ಎಡಗಾಲಿಲ್ಲ. ಅಗಲದ ದೀಪ ಬೆಳಗಿಸುವುದು ಐದೂವರೆ ಮೀಟರನ್ನು, ಅಂದರೆ 18 ಅಡಿ. ಒಂಬತ್ತಡಿಗೊಂದರಂತೆ ಸಸಿ ಕೂರಿಸಿದ ತೋಟದಲ್ಲಿ ಸಾಲುಗಳ ನಡುವಿನ ಎರಡು ಅಂತರಕ್ಕೆ ಇದು ಸರಿಯಾಗಿ ಕೂಡುತ್ತದೆ. ಇಂಥ ಹೊಂದಾಣಿಕೆ ಸಿಕ್ಕಿದಾಗ ಶಾಸ್ತ್ರಕಾರರು ಸಾಮಾನ್ಯವಾಗಿ ದೈವಸಂಕಲ್ಪವೆನ್ನುತ್ತಾರೆ. ನಾವು ಟ್ರಿಗನಾಮೆಟ್ರಿ ಎಂದು ಬಿಡುತ್ತೇವೆ.

ಇಲ್ಲಿ ಪಾಂಡಿತ್ಯವನ್ನು ಸ್ವಲ್ಪ ಬದಿಗಿಡಬೇಕು. ಕೊಳಕುಮಂಡಲ 129 ಮೀಟರ್ ದೂರದಿಂದ ಬಂದು ಕಚ್ಚುವುದಿಲ್ಲ. ಬದುವಿನ ಹುಲ್ಲಲ್ಲಿ, ಮುಂದಿನ ಹೆಜ್ಜೆ ಬೀಳುವಲ್ಲಿ ಮಲಗಿರುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ ಆದೇಶಿಸಿದ್ದು 2024ರಲ್ಲಿ. ಕಚ್ಚುವುದು ಹೆಚ್ಚಾಗಿ ಮೊಣಕಾಲಿನ ಕೆಳಗೆ. ಮೊಣಕಾಲಿನ ಕೆಳಗನ್ನು ತೋರಿಸದ ದೀಪ ಎಷ್ಟು ದೂರ ಹೊಡೆದರೇನು? ಗಮ್‌ಬೂಟು ಹಾಕಿಕೊಳ್ಳಿ ಎಂಬ ಮಾತು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ, ಆದರೂ ಹಾಕಿಕೊಳ್ಳಿ.

ಶೆಲ್ಲುಗಳ ಸಂಖ್ಯೆಯಲ್ಲಿ ಮತಭೇದ ಬಹಳ. ಎಲ್‌ಇಡಿ ಬೆಳಗಲು 3 ವೋಲ್ಟ್ ಆಸುಪಾಸು ಬೇಕು, ಗೋಡೆ ಗಡಿಯಾರಕ್ಕೆ ಹಾಕುವ ಶೆಲ್ಲು ಕೊಡುವುದು 1.5. ಆದ್ದರಿಂದ ಎರಡು ಬೇಕೇ ಬೇಕು ಎನ್ನುವವರು ದ್ವೈತಿಗಳು. ಶೆಲ್ಲು ಒಂದೇ ಸತ್ಯ, ವೋಲ್ಟೇಜು ಮಿಥ್ಯೆ ಎನ್ನುವವರು ಅದ್ವೈತಿಗಳು. ಇವರ ಮಾತು ಕೇಳಿ ಆ ಒಂದನ್ನು ನೇರವಾಗಿ ಎಲ್‌ಇಡಿಗೆ ಜೋಡಿಸಿದರೆ ಬೆಳಕೂ ಮಿಥ್ಯೆಯಾಗುತ್ತದೆ. ಮೂರು ಕಡ್ಡಿಶೆಲ್ಲು ಸಾಲಾಗಿಟ್ಟು, ಹೆಚ್ಚಾದ ವೋಲ್ಟನ್ನು ರೆಸಿಸ್ಟರಿನಲ್ಲಿ ಬಿಸಿ ಮಾಡಿ ಕಳೆಯುವವರೂ ಇದ್ದಾರೆ. ಅದನ್ನು ದರ್ಶನವೆಂದು ಕರೆಯಲಾಗದು, ದುಂದು. ನಮ್ಮದು ವಿಶಿಷ್ಟಾದ್ವೈತ. ಶೆಲ್ಲು ಒಂದೇ, ಆದರೆ ಬೂಸ್ಟ್ ಸರ್ಕ್ಯೂಟಿನಿಂದ ವಿಶಿಷ್ಟವಾದದ್ದು. ಬೋರಿನ ತಳದ ನೀರನ್ನು ಮೋಟ್ರು ಮೇಲಕ್ಕೆತ್ತಿದ ಹಾಗೆ ಅದು ಒಂದೂವರೆ ವೋಲ್ಟನ್ನು ಮೂರಕ್ಕೆತ್ತುತ್ತದೆ. ಶೆಲ್ಲು ಬಳಲಿ 1 ವೋಲ್ಟಿಗೆ ಇಳಿದರೂ ಎತ್ತುತ್ತಲೇ ಇರುತ್ತದೆ. ಎತ್ತುವ ಕೂಲಿಯೆಂದು ಶೇಕಡಾ 15–20 ತಾನೇ ಇಟ್ಟುಕೊಳ್ಳುತ್ತದೆ. ಮಂಡಿಯ ದಲ್ಲಾಳಿಗಳನ್ನು ಕಂಡವರಿಗೆ ಇದು ದೊಡ್ಡದೆನಿಸದು.

ಪೂರ್ವಪಕ್ಷಿ ಕೇಳುತ್ತಾನೆ: ಒಂದೇ ಶೆಲ್ಲಾಗಬೇಕಾದರೆ ಲಿಥಿಯಂನ 18650 ಏಕಾಗಬಾರದು? 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, 3.7 ವೋಲ್ಟ್, ಒಳ್ಳೆಯದರಲ್ಲಿ 11 ವ್ಯಾಟ್‌ಗಂಟೆ ತುಂಬಿರುತ್ತದೆ, ಚಾರ್ಜ್ ಮಾಡುವ ಸಣ್ಣ ಶೆಲ್ಲಿನಲ್ಲಿ ಸುಮಾರು ಎರಡೂವರೆ ಅಷ್ಟೇ. ವಾದ ಬಲವಾಗಿದೆ. ಆದರೆ ಶೆಲ್ಲೊಂದೇ 45–50 ಗ್ರಾಂ ತೂಗಿ ದೀಪ ಹಣೆಯಿಂದ ಮೂಗಿಗೆ ಜಾರುತ್ತದೆ. ಅದು ಸಂಜೆ ಆರಕ್ಕೆ ಕೈಕೊಟ್ಟರೆ ಸ್ಟೇಷನ್ ಎದುರಿನ ಯಾವ ಪೆಟ್ಟಿಗೆ ಅಂಗಡಿಯವನು ಇನ್ನೊಂದು ಕೊಡುತ್ತಾನೆ? ಸಣ್ಣ ಶೆಲ್ಲಿನ ದೀಪ ಶೆಲ್ಲೂ ಪಟ್ಟಿಯೂ ಸೇರಿ ನೂರು ಗ್ರಾಮಿನೊಳಗೇ ಮುಗಿಯುತ್ತದೆ, ಮತ್ತು ಆ ಶೆಲ್ಲು ಬೀಡಿ, ಬೆಂಕಿಪೊಟ್ಟಣ ಸಿಗುವಲ್ಲೆಲ್ಲ ಸಿಗುತ್ತದೆ. ಅಂಗಡಿಯೂ ಮುಚ್ಚಿದ್ದರೆ ನಡುಮನೆಯ ಗಡಿಯಾರದಿಂದ ಕೀಳಬಹುದು. ಗಡಿಯಾರ ರಾತ್ರಿ ಒಂದೂಮುಕ್ಕಾಲಿಗೆ ನಿಂತಿದ್ದರೆ ಯಜಮಾನ ತೋಟಕ್ಕೆ ಹೊರಟದ್ದು ಒಂದೂಮುಕ್ಕಾಲಿಗೆ ಎಂದು ಮನೆಯವರಿಗೆ ದಾಖಲೆಯೂ ಸಿಕ್ಕಿತು. ಗಡಿಯಾರದ ಅಗ್ಗದ ಶೆಲ್ಲು ಜೋರು ಬೆಳಕಿಗೆ ಬೇಗ ಸುಸ್ತಾಗುತ್ತದೆ, ಅದು ಆಪದ್ಧರ್ಮಕ್ಕೆ ಮಾತ್ರ. ನಿತ್ಯಕ್ಕೆ ಚಾರ್ಜ್ ಮಾಡುವ ನಿಕಲ್ ಶೆಲ್ಲು ಲೇಸು.

ಹೊತ್ತಿನ ಲೆಕ್ಕ ಇನ್ನೂ ಸೊಗಸು. ಆ ಎರಡೂವರೆ ವ್ಯಾಟ್‌ಗಂಟೆಯಲ್ಲಿ 100 ಲ್ಯೂಮೆನ್ ಎರಡು ತಾಸು ನಡೆದೀತು. 25ಕ್ಕೆ ಇಳಿಸಿದರೆ ಏಳೆಂಟು ತಾಸು, ಅಂದರೆ ತ್ರೀ ಫೇಸ್ ಇರುವಷ್ಟೂ ಹೊತ್ತು. 25 ಲ್ಯೂಮೆನ್ ಎಂದರೆ ಸಂತೆಯವನು ನಗುತ್ತಾನೆ. ಅಗಲಕ್ಕೆ ಹರವಿದರೂ ಕಾಲ ಬುಡದಲ್ಲಿ ಅದು ಹುಣ್ಣಿಮೆಗಿಂತ ಹನ್ನೆರಡು ಪಟ್ಟು ಬೆಳಕು. ಹುಣ್ಣಿಮೆಯಲ್ಲಿ ಅಜ್ಜಂದಿರು ರಾಗಿ ಕಣವನ್ನೇ ಮಾಡಿದ್ದಾರೆ, ನಮಗೆ ಗೇಟ್‌ವಾಲ್ ತಿರುಗಿಸಲು ಇನ್ನೇನು ಬೇಕು?

ಆಕ್ಷೇಪಗಳನ್ನು ಮುಚ್ಚಿಡುವುದು ಶಾಸ್ತ್ರಧರ್ಮವಲ್ಲ. ಮೊದಲನೆಯದು ಭಾರಿ ಆಕ್ಷೇಪ: ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ಗುಂಡಿಯೂ ದಿಬ್ಬವೂ ಸಪಾಟಾಗಿ ಕಾಣುತ್ತವೆ. ಸೊಂಟದ ಮಟ್ಟದಲ್ಲಿ ಹಿಡಿದ ಕೈಬ್ಯಾಟ್ರಿ ಪ್ರತಿ ಹೆಂಟೆಗೂ ನೆರಳು ಕೊಡುತ್ತದೆ. ಇದಕ್ಕೆ ನಮ್ಮ ಪರಿಹಾರ ಸರಳ: ನಡೆಯುವಾಗ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿ, ಕೆಲಸಕ್ಕೆ ನಿಂತಾಗ ಹಣೆಗೆ ಏರಿಸುವುದು. ಇಂಥ ಹಗುರ ದೀಪಕ್ಕಷ್ಟೇ ಸಾಧ್ಯವಾಗುವ ಪದೋನ್ನತಿ ಇದು. ಎರಡನೆಯದು ಹುಳುವಿನದು. ಮೊದಲ ಮಳೆ ಬಿದ್ದ ರಾತ್ರಿ ಈಸಲು ಏಳುತ್ತವೆ. ಹಣೆಯಲ್ಲಿ ಬಿಳಿ ದೀಪ ಹೊತ್ತವನ ಮೂಗು ಬಾಯಿಗಳೇ ಅವುಗಳ ಮೊದಲ ತಂಗುದಾಣ. ಈಸಲನ್ನು ಹುರಿದು ತಿನ್ನುವವರಿಗೆ ಇದು ಆಕ್ಷೇಪವೇ ಅಲ್ಲ. ಉಳಿದವರು ಕೆಂಪು ಬೆಳಕಿನ ಗುಂಡಿಯಿರುವ ದೀಪ ಕೊಳ್ಳಲಿ, ಕೆಂಪಿಗೆ ಹುಳು ಅಷ್ಟಾಗಿ ಮುತ್ತುವುದಿಲ್ಲ.

ದೋಷವೆಂದುಕೊಂಡದ್ದೇ ಗುಣವಾಗುವುದೂ ಉಂಟು. ಕಣ್ಣಿನ ಪಕ್ಕ ದೀಪವಿದ್ದಾಗ ಮಾತ್ರ ಎದುರಿನ ಪ್ರಾಣಿಯ ಕಣ್ಣಿಂದ ಮರಳುವ ಹೊಳಪು ನಮ್ಮ ಕಣ್ಣಿಗೆ ನೇರ ಬರುತ್ತದೆ. ತಲೆಬ್ಯಾಟ್ರಿ ಕಟ್ಟಿಕೊಂಡು ಮೆಕ್ಕೆಜೋಳದ ಹೊಲಕ್ಕೆ ಹೋದರೆ ನೆಲದ ತುಂಬ ಹಸಿರು ನೀಲಿ ಕಿಡಿಗಳು. ಇಬ್ಬನಿ ಎಂದು ಬಗ್ಗಿದರೆ ಕಿಡಿ ಓಡುತ್ತದೆ: ಅದು ತೋಳಜೇಡ, ಬೆನ್ನ ಮೇಲೆ ಮರಿಗಳನ್ನೂ ಹೊತ್ತಿರಬಹುದು. ಮೂರು ಶೆಲ್ಲಿನ ಬ್ಯಾಟ್ರಿಯನ್ನು ಸೊಂಟದಲ್ಲಿ ಹಿಡಿದು ಓಡಾಡಿದವರಿಗೆ ಈ ಜೇಡಗಳು ಜನ್ಮವಿಡೀ ದರ್ಶನ ಕೊಟ್ಟಿರಲಿಕ್ಕಿಲ್ಲ. ಇದೇ ಗುಣವನ್ನು ಮೊಲದ ಬೇಟೆಯವರೂ ಬಲ್ಲರಾದ್ದರಿಂದ ಕಾಡಿನಂಚಿನಲ್ಲಿ ತಲೆಯ ಮೇಲೆ ದೀಪ ಕಂಡರೆ ಫಾರೆಸ್ಟ್‌ನವರು ಅಡಿಕೆ ಬೆಳೆಗಾರನೆಂದು ಊಹಿಸುವುದಿಲ್ಲ. ಜೋಗಿಮಟ್ಟಿ ಕಡೆಯವರು ಎಚ್ಚರದಿಂದಿರುವುದು ಒಳಿತು.

ಉಳಿದದ್ದು ಶಿಷ್ಟಾಚಾರ. ಕೈಬ್ಯಾಟ್ರಿಯವನು ಮಾತಿಗೆ ನಿಂತರೆ ಕೈ ಇಳಿಸುತ್ತಾನೆ. ತಲೆಬ್ಯಾಟ್ರಿಯವನು ಯಾರ ಮುಖ ನೋಡುತ್ತಾನೋ ಅವರಿಗೆ ಕಣ್ಣುಕತ್ತಲೆ; ಹಿರಿಯರನ್ನು ಮುಖವೆತ್ತಿ ಮಾತಾಡಿಸಿದಷ್ಟೂ ಅಪಚಾರ. ಅಗಲ ಬೆಳಕಿನದು ಈ ವಿಷಯದಲ್ಲಿ ಸಾಧು, ಕುರುಡು ಮಾಡುವುದಿಲ್ಲ, ಕಿರಿಕಿರಿ ಮಾಡುತ್ತದೆ. ಇಬ್ಬರೂ ಕಟ್ಟಿಕೊಂಡಿದ್ದರೆ ಒಬ್ಬರ ಪಾದ ಒಬ್ಬರು ನೋಡುತ್ತ ಮಾತಾಡುವುದೇ ವಿಧಿ. ದೂರದಿಂದ ಕಂಡವರಿಗೆ ಅಣ್ಣತಮ್ಮಂದಿರ ವಿನಯಕ್ಕೆ ಕಣ್ಣು ತುಂಬಬೇಕು. ಪಾಲಿನ ಬೋರಿನ ಗೇಟ್‌ವಾಲ್ ಬಳಿ ಮಾತ್ರ ಈ ವಿಧಿ ನಡೆಯುವುದಿಲ್ಲ.

“ಕಣ್ಣಿಗ್ ಬಿಡಬ್ಯಾಡ್ಲೇ, ಮದ್ಲು ಅದುನ್ನ ಆರ್ಸು.”

“ನೀ ಆರ್ಸಣ್ಣ, ಆಮ್ಯಾಲೆ ನಾ ಆರ್ಸ್ತೀನಿ.”

“ನಾ ಆರ್ಸಿದ್ರೆ ನೀ ವಾಲ್ ತಿರಿವಿಕ್ಯಂತಿ.”

ಇವರಲ್ಲಿ ಯಾರದು ಪೂರ್ವಪಕ್ಷ, ಯಾರದು ಸಿದ್ಧಾಂತ ಎಂಬುದು ಏಳು ತಾಸಿನ ತ್ರೀ ಫೇಸಿನಲ್ಲಿ ನಿರ್ಣಯವಾಗುವಂಥದ್ದಲ್ಲ. ಅದನ್ನು ಹೊಳಲ್ಕೆರೆ ಕೋರ್ಟಿಗೆ ಬಿಡಲಾಗಿದೆ.