ವಾಷರ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕ್ರಾಸಿಗೊಬ್ಬರು ವಾಷರ್ ರಾಯರು ಸಿಕ್ಕೇ ಸಿಗುತ್ತಾರೆ. ನಿವೃತ್ತರು, ಮೂರು ಬಾಡಿಗೆ ಮನೆಗಳ ಓನರ್ರು. ಬನಿಯನ್ನು, ಪಂಚೆ, ಸೊಂಟಕ್ಕೆ ಸಿಕ್ಕಿಸಿದ ಸ್ಪ್ಯಾನರು. ಎರಡನೇ ಮಹಡಿಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಕೆಳಗೆ ಪೇಪರ್ ಓದುತ್ತಿರುವ ಇವರಿಗೆ ಕೇಳಿಸುತ್ತದೆ. ಹೆಂಡತಿ ಪಕ್ಕದಲ್ಲೇ ನಿಂತು ಊಟಕ್ಕೆ ಕರೆದರೆ ಕೇಳಿಸುವುದಿಲ್ಲ.

"ಏನಮ್ಮಾ, ಸಿಂಕಿನ ನಲ್ಲಿ ಸೋರ್ತಿದೆಯಲ್ಲಾ?"

"ಸ್ವಲ್ಪ ಸಾರ್."

ಆ 'ಸ್ವಲ್ಪ' ಅವರಿಗಾಗದು. ಬಾಟಲಿ ಒಡ್ಡಿ, ವಾಚು ನೋಡುತ್ತಾ ನಿಲ್ಲುತ್ತಾರೆ. ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 86,400 ಹನಿ, ಹತ್ತಿರ ಹತ್ತಿರ ನಾಲ್ಕು ಲೀಟರು. "ನಿಮ್ಮಿಬ್ಬರ ದಿನದ ಕುಡಿಯೋ ನೀರು ಕಣಮ್ಮಾ!" ಆಮೇಲೆ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಸವೆದ ರಬ್ಬರ್ ವಾಷರನ್ನು ಹುಳುಕು ಹಲ್ಲು ಕಿತ್ತ ಡಾಕ್ಟರಂತೆ ಬೆಳಕಿಗೆ ಹಿಡಿದು ಮನೆಮಂದಿಗೆಲ್ಲ ತೋರಿಸುತ್ತಾರೆ. ಹೊಸ ವಾಷರ್ ಜೇಬಿನಲ್ಲೇ ಇರುತ್ತದೆ. ಅದರ ದುಡ್ಡು ತಿಂಗಳ ಬಾಡಿಗೆಯಲ್ಲಿ ಸೇರುತ್ತದೆ, ಅದು ಬೇರೆ ಮಾತು.

2024ರ ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದಿತು ನೋಡಿ, ರಾಯರಿಗೆ ಹತ್ತು ವರ್ಷ ಕಡಿಮೆಯಾಯಿತು. ಪೈಪು ಹಿಡಿದು ಬೈಕು ತೊಳೆಯುತ್ತಿದ್ದ ಮೇಲಿನ ಮನೆಯ ಹುಡುಗ ಸಿಕ್ಕಿಬಿದ್ದ.

"ಅಲ್ಲಯ್ಯಾ, ಕಾವೇರಿ ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ಕೊಂಡು ಬರ್ತಾಳೆ. ನೀನು ಎರಡು ಮಹಡಿ ಹತ್ತೋಕೆ ಲಿಫ್ಟ್ ಯಾಕಿಲ್ಲ ಅಂತೀಯ!"

ಅಂದಿನಿಂದ ಅವನದು ಅರ್ಧ ಬಕೆಟ್, ಒಂದು ಒದ್ದೆ ಬಟ್ಟೆ. ಬೈಕೇನೂ ಮೊದಲಿಗಿಂತ ಕೊಳಕಾಗಿಲ್ಲ.

ಹಳೆಯ ಫ್ಲಶ್ ಟ್ಯಾಂಕುಗಳ ಒಳಗೆ ಮರಳು ತುಂಬಿದ ಲೀಟರ್ ಬಾಟಲಿ ಕೂತಿತು. ಪ್ರತಿ ಸಲಕ್ಕೂ ಒಂದು ಲೀಟರ್ ಮಿಕ್ಕಿತು. ಅಕ್ಕಿ ತೊಳೆದ ನೀರು ಕರಿಬೇವಿಗೆ. ಆರ್‌ಓ ಮಿಷನ್ನು ಹೊರಗೆ ಬಿಡುವ ನೀರು ಬಕೆಟ್ಟಿಗೆ, ಅಲ್ಲಿಂದ ನೆಲ ಒರೆಸಲಿಕ್ಕೆ. ನಲ್ಲಿಯ ಬಾಯಿಗೆ ಏರೇಟರ್ ಬಿಗಿದದ್ದಕ್ಕೆ ಮಾತ್ರ ಮನೆಯಲ್ಲೇ ದಂಗೆಯೆದ್ದಿತು. "ಬರೀ ಗಾಳಿ ಬರ್ತಿದೆ ರೀ, ಕೊಡ ಯಾವಾಗ ತುಂಬೋದು?" ಎಂದರು ಅವರಾಕೆ. ಕೊಡ ತುಂಬುವ ನಲ್ಲಿಗೆ ಅದು ಬೇಡ, ಕೈ ತೊಳೆಯುವ ನಲ್ಲಿಗಷ್ಟೇ ಎಂದು ರಾಜಿಯಾಯಿತು. ನನ್ನನ್ನು ಕೇಳಿದರೆ ಆಕೆಯದೇ ಸರಿ.

ಬಾಡಿಗೆಯವರು ಬೆನ್ನ ಹಿಂದೆ ಬೈದುಕೊಳ್ಳುತ್ತಾರೆ. ಆದರೆ ಆ ಬೇಸಗೆಯಲ್ಲಿ ಪಕ್ಕದ ಬೀದಿ ಟ್ಯಾಂಕರಿಗೆ ಕಾಯುತ್ತಿದ್ದಾಗ ನಮ್ಮ ಸಂಪಿನಲ್ಲಿ ನೀರಿದೆ ಎಂದು ಒಬ್ಬರೂ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ನೆಂಟರೆಲ್ಲ ಬಟ್ಟೆಗಂಟು ಹೊತ್ತು ಬರುತ್ತಿದ್ದರು.

ಮೊನ್ನೆ ರಾಯರು ಮಗಳಿಗೆ ಗಂಡು ನೋಡಲು ಹೋಗಿದ್ದರು. ಉಪ್ಪಿಟ್ಟು, ಕೇಸರಿಭಾತಿನ ತಟ್ಟೆ ಹಾಗೇ ಬಿಟ್ಟು ತಾರಸಿ ಹತ್ತಿದರು. ಮೂವತ್ತು ಬೈ ನಲವತ್ತು ಅಡಿ ಸೈಟಿನಷ್ಟು ತಾರಸಿ, ಒಂದು ಮಿಲಿಮೀಟರ್ ಮಳೆ ಬಿದ್ದರೂ ನೂರು ಲೀಟರಿಗೆ ಮೋಸವಿಲ್ಲ. ಮಳೆನೀರಿನ ಪೈಪು ಸಂಪಿಗೆ ಹೋಗುತ್ತದೋ ಮೋರಿಗೋ ಎಂದು ಬಗ್ಗಿ ನೋಡಿದರು. ನಡುವೆ ಫಿಲ್ಟರು ಇತ್ತು. ಇಳಿದು ಬಂದು, ಕೈ ತೊಳೆಯುವ ನೆವದಲ್ಲಿ ಬಚ್ಚಲ ನಲ್ಲಿಗಳನ್ನೂ ತಿರುಗಿಸಿದರು. ಒಂದೂ ಸೋರಲಿಲ್ಲ. ಅಲ್ಲೇ ಒಪ್ಪಿಗೆ ಕೊಟ್ಟು ಬಂದರು.

"ಹುಡುಗನ ಸಂಬಳ ಎಷ್ಟಂತೆ ರೀ?" ಎಂದರು ಹೆಂಡತಿ.

"ಅದು ಕೇಳಲಿಲ್ಲ ಕಣೇ. ಸಂಪು ಹತ್ತು ಸಾವಿರ ಲೀಟರಿಂದು."