ಟೀಪಾಟು ತಗೊಂಡ್ರಂತೆ, ಹೌದಾ?

ಬಿಸಿ ಆರದ ಟೀಪಾಟು ತಗೊಂಡ್ರಂತೆ? ಇಲ್ಲ ಅನ್ಬೇಡಿ. ನಂಜನಗೂಡೇನು ಬೆಂಗಳೂರಾ, ಯಾರಿಗೂ ಗೊತ್ತಾಗದೆ ಇರೋಕೆ? ಪಾತ್ರೆ ಅಂಗಡಿಲಿ ನೀವು ಮುಚ್ಚಳ ತಿರುಗ್ಸಿ ತಿರುಗ್ಸಿ ನೋಡ್ತಿದ್ದ ಸುದ್ದಿ ಸಂಜೆ ಹೊತ್ತಿಗೆ ಟಿ. ನರಸೀಪುರದ ಬೀಗರ ಮನೆ ಮುಟ್ಟಿದೆ. ‘ಅಯ್ಯೋ, ಯಾರಿಗೆ ಹುಷಾರಿಲ್ಲ?’ ಅಂತ ಫೋನೂ ಬಂತಂತಲ್ಲ!

ಕೇಳದೆ ಇನ್ನೇನು ಮಾಡ್ತಾರೆ? ನಮ್ಮ ಕಡೆ ಫ್ಲಾಸ್ಕು ಅಂದ್ರೆ ಕಾಣೋದೇ ಎರಡು ಜಾಗದಲ್ಲಿ. ಒಂದು ಶೋಕೇಸು, ಇನ್ನೊಂದು ಮೈಸೂರಿನ ದೊಡ್ಡಾಸ್ಪತ್ರೆ ವಾರ್ಡು. ನಿಮ್ಮ ಅಟ್ಟದ ಮೇಲೆ ಮುಯ್ಯಿಗೆ ಬಂದ ಫ್ಲಾಸ್ಕು ಎಷ್ಟಿವೆ, ಹೇಳಿ ನೋಡೋಣ. (ಅದರಲ್ಲಿ ಒಂದನ್ನ, ಕೊಟ್ಟವರ ಮಗಳ ಮದುವೆಗೇ ತಿರುಗಿ ಮುಯ್ಯಿ ಮಾಡಿದ ಕತೆ ನಾನು ಯಾರಿಗೂ ಹೇಳಿಲ್ಲ, ಬುಡಿ.)

ಈಗ ಹೊಸ ಪಾಟು ಯಾಕೆ ಬೇಕಾಯ್ತು ಅಂತಾನೂ ಗೊತ್ತು. ಊಟಿ! ರಸ್ತೆ ನಮ್ಮೂರ ಮೇಲೇ ಹೋಗ್ತದಲ್ಲ, ಗುಂಡ್ಲುಪೇಟೆ, ಬಂಡೀಪುರ ದಾಟಿದ್ರೆ ಆಯ್ತು. ನೆಂಟರು ಬಂದ್ರೆ ಊಟಿ, ಮಗ ಕಾರು ತಗೊಂಡ್ರೆ ಊಟಿ. ದೊಡ್ಡಬೆಟ್ಟದ ಟೀ ಫ್ಯಾಕ್ಟರಿಲಿ ಪುಟ್ಟ ಕಪ್ಪಲ್ಲಿ ಟೀ ಕುಡಿದು, ಆ ಚಳೀಲಿ ಮೈಮರೆತು, ಉದ್ದೆಲೆ ಟೀಸೊಪ್ಪಿನ ಡಬ್ಬಿ ಹಿಡ್ಕೊಂಡು ಬೆಟ್ಟ ಇಳಿದ್ರಿ. ಚಳಿ ಮಾತ್ರ ಅಲ್ಲೇ ಉಳೀತು.

ಮನೆಗೆ ಬಂದಮೇಲೆ ಏನಾಯ್ತು? ನೀವೇ ಒಲೆ ಮುಂದೆ ನಿಂತ್ರಿ. (ಹೊಸ ಡಬ್ಬಿ ಅಂದ್ರೆ ಮೊದಲ ದಿನ ಉತ್ಸಾಹ ಜಾಸ್ತಿ.) ಹಾಲು, ನೀರು, ಸಕ್ಕರೆ, ಸೊಪ್ಪು ಎಲ್ಲ ಒಟ್ಟಿಗೆ ಸುರಿದು ಕುದ್ಸಿದ್ರಿ. ಬಣ್ಣ ಬರಲಿಲ್ಲ. ಇನ್ನೆರಡು ಚಮಚ ಹಾಕಿ ಇನ್ನೂ ಕುದ್ಸಿದ್ರಿ. ಬಣ್ಣ ಬಂತು, ಬೆನ್ನಿಗೇ ಒಗರೂ ಬಂತು. ‘ಊಟಿ ಟೀ ಮೋಸ ಕಣ್ರೀ’ ಅಂತ ಡಬ್ಬೀನ ಪಕ್ಕದ ಮನೆಗೆ ದಾಟಿಸೋಕೆ ನೋಡಿದ್ರಿ, ಅಲ್ವಾ?

ಮೋಸ ಗೀಸ ಏನೂ ಇಲ್ಲ ಸ್ವಾಮಿ. ನಾವು ದಿನಾ ಕುಡಿಯೋದು ಸಿಟಿಸಿ ಪುಡಿ. 1930ರ ಸುಮಾರಿಗೆ ಅಸ್ಸಾಮಲ್ಲಿ ಬಂದ ಮೆಷಿನ್ನು ಎಲೇನ ಜಜ್ಜಿ, ಹರಿದು, ಸುತ್ತಿ ಕಾಳು ಮಾಡ್ತದೆ. ಅದಕ್ಕೆ ಬಿಸಿನೀರು ಸೋಕಿದ್ರೆ ಸಾಕು, ಬಣ್ಣ ಬಿಟ್ಕೊಡ್ತದೆ. ಉದ್ದೆಲೆ ಹಂಗಲ್ಲ. ಎಲೇನ ಹೊಸೆದು ಒಣಗಿಸಿರ್ತಾರೆ, ಅದು ನಿಧಾನಕ್ಕೆ ಬಿಚ್ಕೋಬೇಕು. ಕುದಿಸೋ ಹಂಗಿಲ್ಲ, ನೆನೆಸಬೇಕು. (ನೀವು ಕಂಡ ಹಾಗೆ ನೆನೆಸೋದು ಇಡ್ಲಿ ಅಕ್ಕಿ ಮಾತ್ರ, ಗೊತ್ತು.)

‘ಊಟಿ ನೀರಿನ ಗುಣ ಇಲ್ಲಿ ಎಲ್ಲಿಂದ ಬರ್ತದೆ’ ಅಂತ ರಾಗ ಎಳೀಬೇಡಿ. ಎತ್ತರ ಹೆಚ್ಚಾದಷ್ಟೂ ನೀರು ಕಮ್ಮಿ ಬಿಸಿಗೇ ಕುದೀತದೆ. ಊಟಿಲಿ 92–93 ಡಿಗ್ರಿಗೇ ಕುದಿ ಬಂದುಬಿಡ್ತದೆ. ನಮ್ಮ ನಂಜನಗೂಡಲ್ಲಿ 98ರ ಹತ್ರ. ಕಪ್ಪು ಟೀ ಎಲೆ ಕೇಳೋದೇ ಚೆನ್ನಾಗಿ ಕುದ್ದ ನೀರು. ಅಂದ್ರೆ ಊಟಿ ಟೀಗೆ ಊಟಿಗಿಂತ ನಿಮ್ಮ ಅಡುಗೆಮನೆಯೇ ವಾಸಿ! ಇದನ್ನ ಬೀಗರಿಗೆ ಹೇಳಿ, ವಸಿ ಗತ್ತಾದ್ರೂ ಬರ್ತದೆ.

ಇನ್ನು ನೆನೆಸೋಕೆ ನಿಮ್ಮ ಹೊಸ ಪಾಟಿದೆಯಲ್ಲ, ಅದು ಬಿಸಿ ಹಿಡಿದಿಡೋ ಉಪಾಯ ಯಾರದ್ದು ಗೊತ್ತಾ? ಸ್ಕಾಟ್ಲೆಂಡಿನ ಜೇಮ್ಸ್ ಡ್ಯೂವರ್ ಅನ್ನೋ ವಿಜ್ಞಾನಿ 1892ರಲ್ಲಿ ಮಾಡಿದ್ದು. ಅದೂ ಟೀಗಲ್ಲ, ವಿಪರೀತ ತಣ್ಣಗಿರೋ ದ್ರವಗಳನ್ನ ಇಡೋಕೆ. ಎರಡು ಗೋಡೆ, ಮಧ್ಯೆ ಗಾಳೀನೂ ಇಲ್ಲ. ಬಿಸಿ ದಾಟೋಕೆ ದಾರಿ ಎಲ್ಲಿ? ಪೇಟೆಂಟು ಮಾತ್ರ ಮಾಡಿಸಲಿಲ್ಲ ಮಹಾನುಭಾವ. 1904ರಲ್ಲಿ ಜರ್ಮನಿಯವರು ಥರ್ಮಾಸ್ ಅಂತ ಹೆಸರಿಟ್ಟು ಮಾರೋಕೆ ಕೂತ್ರು. (ನೀವೂ ಸೈಟಿನ ಖಾತೆ ಮಾಡಿಸೋದನ್ನ ನಾಳೆ ನಾಳೆ ಅಂತಿದ್ದೀರಲ್ಲ, ನೆನಪಿರಲಿ.)

ಸರಿ, ತಗೊಳ್ಳೋವಾಗ ಏನೇನು ನೋಡಿದ್ರಿ? ಬಣ್ಣ. ಹೂವಿನ ಚಿತ್ರ. ನೋಡಬೇಕಾದ್ದು ಒಳಗಿನ ಜಾಲರಿ ಕಣ್ರೀ! ಅದು ಅಗಲ ಇರಬೇಕು, ತಳದ ಹತ್ರದವರೆಗೂ ಇಳೀಬೇಕು. ನೆಂದ ಎಲೆ ಸಿಕ್ಕಾಪಟ್ಟೆ ಉಬ್ತದೆ, ಇಕ್ಕಟ್ಟಲ್ಲಿ ರುಚಿ ಬಿಡಲ್ಲ. ಅದಕ್ಕಿಂತ ಮುಖ್ಯ, ಜಾಲರಿ ಪೂರ್ತಿ ಹೊರಗೆ ಬರಬೇಕು. ಮೂತಿಗೆ ಅಂಟಿಸಿರೋ ಜಾಲರಿ ಚರಟ ತಡೀತದೆ ಅಷ್ಟೆ, ಎಲೆ ಒಳಗೇ ಕೂತಿರ್ತದೆ.

ಆಮೇಲೆ ಪಾಟಿನ ಬಾಯಿ. ತೊಳೆಯೋರ ಕೈ ಬಳೆ ಸಮೇತ ಒಳಗೆ ಹೋಗಬೇಕು. (ತೊಳೆಯೋದು ನೀವಲ್ಲ ಅಂತ ಗೊತ್ತು.) ಒಳಮೈ ಗಾಜಿಂದಾದ್ರೆ ವಾಸನೆ ಹಿಡಿಯಲ್ಲ, ಆದ್ರೆ ಮನೇಲಿ ಐಕ್ಳು ಇದ್ದಾವಲ್ಲ, ಸ್ಟೀಲೇ ಸರಿ. ಕುದಿನೀರು ತುಂಬಿ ವಸಿ ಹೊತ್ತು ಬಿಟ್ಟು ಹೊರಮೈ ಮುಟ್ಟಿ ನೋಡಿ. ಬೆಚ್ಚಗಾಗಿದ್ರೆ ಒಳಗಿನ ಬಿಸಿ ಸೋರ್ತಿದೆ ಅಂತ ಲೆಕ್ಕ. ಗಾತ್ರಕ್ಕೂ ಆಸೆ ಪಡಬೇಡಿ. ಕುಡಿಯೋರು ಇಬ್ಬರು, ತಂದಿರೋದು ಎರಡು ಲೀಟರಿಂದು! ಅರ್ಧ ಖಾಲಿ ಪಾಟು ಬೇಗ ಆರ್ತದೆ.

ಮಾಡೋದು ಹಿಂಗೆ. ಮೊದಲು ಬರೀ ಬಿಸಿನೀರು ಹಾಕಿ ಪಾಟನ್ನ ಬೆಚ್ಚಗೆ ಮಾಡಿ, ಚೆಲ್ಲಿ. ಲೋಟಕ್ಕೆ ಸುಮಾರು 2 ಗ್ರಾಂ ಸೊಪ್ಪು, ಅಂದ್ರೆ ಒಂದು ತುಂಬು ಟೀ ಚಮಚ. ಕುದಿನೀರು ಹುಯ್ದು ಮುಚ್ಚಿ, 3ರಿಂದ 4 ನಿಮಿಷ. ಗ್ರೀನ್ ಟೀ ಆದ್ರೆ ನೀರು 80 ಡಿಗ್ರಿಗೆ ಇಳೀಲಿ, 2 ನಿಮಿಷ ಸಾಕು. ಆಮೇಲೆ ಜಾಲರಿ ಎತ್ತಿ. ಎತ್ತಿ ಅಂದೆ!

ನೀವು ಎಡವೋದೇ ಇಲ್ಲಿ. ಪಿಂಗಾಣಿ ಪಾಟಾದ್ರೆ ಮರೆತ್ರೂ ನೀರು ಆರ್ತದೆ, ಎಲೆಯ ಕಾಟವೂ ಕಮ್ಮಿಯಾಗ್ತದೆ. ಬಿಸಿ ಆರದ ಪಾಟಲ್ಲಿ ಆ ರಿಯಾಯ್ತಿ ಇಲ್ಲ. ಎಲೆ ಒಳಗೇ ಉಳಿದ್ರೆ ಒಗರು ಬಿಡ್ತಾನೇ ಇರ್ತದೆ, ‘ಬರ್ತೀವಿ’ ಅಂತ ಎದ್ದು ಬಾಗಿಲಲ್ಲಿ ಅರ್ಧ ಗಂಟೆ ನಿಂತು ಮಾತಾಡೋ ನೆಂಟರ ಥರ. (ನರಸೀಪುರದ ಕೊನೇ ಬಸ್ಸು ಯಾರಿಗೆ ತಪ್ಪಿತು, ಯಾಕೆ ತಪ್ಪಿತು, ನಿಮಗೇ ಗೊತ್ತು.)

ಹಾಲು ಹಾಕಿ ತುಂಬಿಡೋ ಯೋಚನೆ ಬಿಡಿ. ಬೆಚ್ಚಗಿನ ಹಾಲನ್ನ ಗಂಟೆಗಟ್ಟಲೆ ಮುಚ್ಚಿಟ್ರೆ ಕೆಡ್ತದೆ, ರಬ್ಬರ್ ವಾಷರ್ರೂ ವಾಸನೆ ಹಿಡೀತದೆ. ಹಾಲು ಲೋಟಕ್ಕೇ ಹಾಕ್ಕೊಳಿ. ಒಳಗೆ ಕರೆ ಕಟ್ಟಿದ್ರೆ ಅಡುಗೆ ಸೋಡಾ, ಬಿಸಿನೀರು ಹಾಕಿ ರಾತ್ರಿಯೆಲ್ಲ ಬಿಡಿ. ನಂಜನಗೂಡು ಹಲ್ಲುಪುಡಿ ಹಾಕಿ ಉಜ್ಜೋಕೆ ಹೋಗಬೇಡಿ! 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ ಬಿ.ವಿ. ಪಂಡಿತರು ಅದನ್ನ ಕೊಟ್ಟಿದ್ದು ನಿಮ್ಮ ಹಲ್ಲಿಗೆ.

ಟೀ ಮೇಲೆ ತೆಳ್ಳಗೆ ಪೊರೆ ಕಟ್ತಾ? ಅದು ಗಡಸು ನೀರಿನ ಕೆಲಸ, ಪಾಟಿನ ತಪ್ಪಲ್ಲ. ‘ನಮ್ಮದು ಕಪಿಲೆ ನೀರು’ ಅಂತ ನಂಜನಗೂಡಿನವರ ಬಡಾಯಿ. ‘ನಮ್ಮಲ್ಲಿ ಕಪಿಲೇನೂ ಅದೆ, ಕಾವೇರೀನೂ ಅದೆ’ ಅಂತ ನರಸೀಪುರದವರು ಒಂದು ಕೈ ಮೇಲೆ. (ಇಬ್ಬರ ಮನೇಲೂ ಮೋಟಾರು ಎಳೀತಿರೋದು ಬೋರಿಂದ.)

ಇನ್ನೊಂದು ಮಾತು. ಪಾಟು ಹೊತ್ಕೊಂಡು ಊರೂರು ತಿರುಗಬೇಡಿ. 1989ರಲ್ಲಿ ಶುರುವಾದ ನರಸೀಪುರದ ಕುಂಭಮೇಳ 2019 ಆದಮೇಲೆ 2025ರ ಫೆಬ್ರವರಿಲಿ ನಡೀತಲ್ಲ, ಬೆಳಗಿನ ಜಾವ ಸಂಗಮದಲ್ಲಿ ಮುಳುಗಿ ಎದ್ದವರಿಗೆ ಬಿಸಿ ಟೀ ಅಂದ್ರೆ ಅಮೃತವೇ ಸರಿ. ಆದ್ರೆ ಮೂತಿ ಇರೋ ಪಾಟನ್ನ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡ್ರೆ ಪುಣ್ಯಸ್ನಾನ ದಾರೀಲೇ ಆಗೋಯ್ತದೆ, ಪಂಚೆಗೆ! ಪಾಟು ಮನೆಗೆ. ದಾರಿಗೆ ಬಿಗಿ ಬಿರಡೆಯ ಫ್ಲಾಸ್ಕು, ಅಟ್ಟದಿಂದ ಇಳಿಸಿ.

ಇಷ್ಟೆಲ್ಲ ಕಲಿತು, ಅಳತೆ ನೋಡಿ, ಗಡಿಯಾರ ನೋಡಿ ಟೀ ಮಾಡಿ ಬೀಗರ ಮುಂದೆ ಇಟ್ರಿ ಅನ್ನಿ. ಅವರು ಏನಂತಾರೆ? ‘ಕಾಫಿ ಇಲ್ವಾ?’ ಅಂತಾರೆ! ನೆಸ್ಲೆ ಕಾಫಿ ಫ್ಯಾಕ್ಟರಿ ಇರೋ ಊರಲ್ಲಿ ಟೀ ಕೊಡ್ತಾರಲ್ಲ ಅಂತ ಕೊಂಕು ಬೇರೆ. ಬೇಜಾರು ಮಾಡ್ಕೋಬೇಡಿ. ಪಾಟು ಬಿಸಿ ಹಿಡಿದಿರ್ತದೆ, ಅವರು ಹೋದಮೇಲೂ ಕುಡೀಬಹುದು.

ಈಗ ನಿಜ ಹೇಳಿ, ಪಾಟು ತಗೊಂಡಿದ್ದು ಯಾಕೆ? ‘ನಮ್ಮನೆಯವಳಿಗೆ ಪದೇ ಪದೇ ಟೀ ಮಾಡೋ ಕಷ್ಟ ತಪ್ಲಿ’ ಅಂದ್ರಂತೆ ಅಂಗಡಿಲಿ. ಆಹಾ! ಮೂರನೇ ಲೋಟ ಕೇಳಿದಾಗ ಅಡುಗೆಮನೆಯಿಂದ ಬರೋ ಮಂಗಳಾರತಿ ತಪ್ಲಿ ಅಂತ ತಾನೆ? ಕೂತಲ್ಲೇ ಬಗ್ಗಿಸ್ಕೊಂಡು ಎಲೆಕ್ಷನ್ ಮಾತಾಡ್ಕೊಂಡು ಇರಬಹುದು ಅಂತ ಪ್ಲಾನು. ನಡೆಯಲ್ಲ ಕನ ಸ್ವಾಮಿ. ಬಿಸಿ ಕಾಯೋಕೆ ಪಾಟಿದೆ. ರುಚಿ ಕಾಯೋಕೆ ಒಬ್ಬರು ಎದ್ದು ಹೋಗಿ ಜಾಲರಿ ಎತ್ತಲೇಬೇಕು. ಆ ಒಬ್ಬರು ನೀವೇ.

ಅಂದಂಗೆ, ಇಷ್ಟೊತ್ತು ಇದನ್ನ ಓದ್ಕೊಂಡು ಕೂತ್ರಲ್ಲ, ಕೂರೋಕೆ ಮುಂಚೆ ಪಾಟಿಗೆ ಸೊಪ್ಪು ಹಾಕಿ ಬಂದಿದ್ರಾ? ಹೌದಾ? ಏಳಿ ಮತ್ತೆ! ನಾಕು ನಿಮಿಷ ಯಾವಾಗ್ಲೋ ಆಯ್ತು.