ಕ್ರೀಟ್‌ಗೆ ಹೊರಟ ಪ್ರವಾಸ ಸಂಚಾಲಕರಿಗೆ ಸುರಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಚಾಲಕರೇ,

ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪಕ್ಕೆ ನೀವು ಹಮ್ಮಿಕೊಂಡಿರುವ ಫೋಟೊ ಮತ್ತು ಊಟದ ಪ್ರವಾಸದ ಕರಪತ್ರ ಬೆಂಗಳೂರಿನಿಂದ ನಮ್ಮ ತನಕ ಬಂದು ಮುಟ್ಟಿದೆ. ಶಹಾಪುರದ ಬ್ಯಾಳಿ ವ್ಯಾಪಾರಿಯೊಬ್ಬರ ಮಗ ಆಗಲೇ ಹೆಸರು ಬರೆಸಿದ್ದಾನೆ. ಯಾದಗಿರಿಯ ಡಾಕ್ಟರೊಬ್ಬರು ಮೊಳಕೈಯಷ್ಟು ಉದ್ದದ ಲೆನ್ಸ್ ಕೊಂಡು, ವೀಸಾಕ್ಕೆಂದು ಬ್ಯಾಂಕಿನ ಕಾಗದಗಳ ಜೆರಾಕ್ಸ್ ಮಾಡಿಸುತ್ತಿದ್ದಾರೆ. ನಾನೂ ಕರಪತ್ರವನ್ನು ಮೊದಲಿನಿಂದ ಕೊನೆತನಕ ಓದಿದೆ, ಸಣ್ಣ ಅಕ್ಷರದ ಷರತ್ತು ಸಮೇತ. ಓದಿದ ಮೇಲೆ ಹೊಳೆದದ್ದು ಇಷ್ಟು: ಈ ಕಾರ್ಯಕ್ರಮವನ್ನು ಹೆಚ್ಚುಕಮ್ಮಿ ಮಾಡದೆ ಹಾಗೇ ಎತ್ತಿಕೊಂಡು ಬಂದು ನಮ್ಮ ಯಾದಗಿರಿ, ಶಹಾಪುರ, ಸುರಪುರದಲ್ಲಿ ನಡೆಸಬಹುದು. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಯಾದಗಿರಿ. ವೀಸಾ ಕೇಳುವವರಿಲ್ಲ.

ಮೊದಲ ದಿನದ ಊಟಕ್ಕೆ ನೀವು ಡಾಕೋಸ್ ಇಟ್ಟಿದ್ದೀರಿ. ಜವೆಗೋಧಿಯ ರೊಟ್ಟಿಯನ್ನು ಎರಡು ಸಲ ಬೇಯಿಸಿ, ಕಲ್ಲಿನಂತಾಗುವವರೆಗೆ ಒಣಗಿಸಿ, ಉಣ್ಣುವಾಗ ನೀರು ಚಿಮುಕಿಸಿ, ಮೇಲೆ ಟೊಮೆಟೊ, ಚೀಸು, ಆಲಿವ್ ಎಣ್ಣೆ ಹಾಕುವುದು. ತಿಂಗಳುಗಟ್ಟಲೆ ಕೆಡದ ಈ ರೊಟ್ಟಿಯಲ್ಲಿ ಅಲ್ಲಿನ ರೈತರ ಜಾಣ್ಮೆ ಅಡಗಿದೆಯಂತೆ. ನಮ್ಮಲ್ಲಿ ಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ಅಡುಗೆಮನೆಯ ಮೂಲೆಯಲ್ಲಿ ಸೊಂಟದೆತ್ತರ ಒಟ್ಟಿರುತ್ತಾರೆ. ಗುಳೆ ಹೋಗುವವರು ಅದನ್ನೇ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ಅದರಲ್ಲಿ ಜಾಣ್ಮೆ ಅಡಗಿದೆಯೆಂದು ಇಲ್ಲಿಯ ತನಕ ಯಾರೂ ನಮಗೆ ಹೇಳಿರಲಿಲ್ಲ. ಎರಡನೆಯ ದಿನ ಗುಡ್ಡದಲ್ಲಿ ತಾನೇ ಹುಟ್ಟಿದ ಸೊಪ್ಪುಗಳ ‘ಹೋರ್ತಾ’. ಅದಕ್ಕೆ ನಮ್ಮಲ್ಲಿ ಹಕ್ಕರಕಿ ಇದೆ. ಎರಿ ಹೊಲದಲ್ಲಿ ಬಗ್ಗಿ ಕಿತ್ತು, ಮಣ್ಣು ಜಾಡಿಸಿ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು. ಜೊತೆಗೆ ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಕ್ರೀಟಿನಲ್ಲಿ ಊಟದ ಕೊನೆಗೆ ಪುಕ್ಕಟೆಯಾಗಿ ರಾಕಿ ಕೊಡುತ್ತಾರೆಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ನಮ್ಮ ಕಡೆಯ ಸೇಂದಿಯ ವಿಷಯವನ್ನು ಬಹಿರಂಗ ಪತ್ರದಲ್ಲಿ ಬರೆಯಲು ಬರುವುದಿಲ್ಲ. ಖುದ್ದಾಗಿ ಭೇಟಿಯಾದಾಗ ಮಾತಾಡೋಣ.

ಈ ಊಟದ ಕಥೆ ನಿಮಗೆ ಗೊತ್ತಿರಬೇಕು, ಕರಪತ್ರದಲ್ಲಿ ಮಾತ್ರ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, 1948ರಲ್ಲಿ, ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದವರು ಕ್ರೀಟಿಗೆ ಹೋಗಿ, ಏನು ಉಣ್ಣುತ್ತೀರಿ ಎಂದು ಮನೆಮನೆ ಕೇಳಿ ಬರೆದುಕೊಂಡರು. ರೊಟ್ಟಿ, ಕಾಳು, ಸೊಪ್ಪು, ಆಲಿವ್ ಎಣ್ಣೆ. ಇಷ್ಟು ಸಾಕೇ ಎಂದಾಗ ಬಹಳ ಮಂದಿ ಸಾಲದು ಎಂದರು, ಮಾಂಸ ಬೇಕೆಂದರು. ಹತ್ತು ವರ್ಷದ ಮೇಲೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಏಳು ದೇಶಗಳ ಅಧ್ಯಯನ ಶುರು ಮಾಡಿ, ಹೃದಯಕ್ಕೆ ಇಂಥ ಊಟವೇ ಒಳ್ಳೆಯದೆಂದರು. 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಉಂಡವರು ಸಾಲದೆಂದ ಊಟಕ್ಕೆ ಈಗ ನೀವು ಯೂರೋ ಲೆಕ್ಕದಲ್ಲಿ ರೊಕ್ಕ ಎಣಿಸುತ್ತೀರಿ. ನಮ್ಮ ಊಟವೂ ಅದೇ ದಾರಿಯಲ್ಲಿದೆ, ಸ್ವಲ್ಪ ಹಿಂದೆ. ಬರೆದುಕೊಳ್ಳುವವರು ಬಂದು ಹೋಗಿದ್ದಾರೆ: ಸರ್ಕಾರದ ನಂಜುಂಡಪ್ಪ ಸಮಿತಿ 2002ರಲ್ಲೇ ನಮ್ಮ ತಾಲ್ಲೂಕುಗಳನ್ನು ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಸಾಲದು ಎಂದು ನಾವು ಹೇಳಿಯೂ ಆಗಿದೆ. ಹೈದರಾಬಾದ್ ಕರ್ನಾಟಕ ಎಂಬ ನಮ್ಮ ಸೀಮೆಯ ಹೆಸರು ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವೂ ಆಯಿತು. ಇನ್ನು ಯುನೆಸ್ಕೊ ಬರುವುದೊಂದೇ ಬಾಕಿ.

ಫೋಟೊ ವಿಷಯಕ್ಕೆ ಬರೋಣ. ಹೆರಾಕ್ಲಿಯೋನ್ ಪಟ್ಟಣದ ಹತ್ತಿರ ಯುಖ್ತಾಸ್ ಎಂಬ ಬೆಟ್ಟವಿದೆ, ಅಂಗಾತ ಮಲಗಿದ ಜ್ಯೂಸ್ ದೇವರ ಮುಖದ ಹಾಗೆ ಕಾಣುತ್ತದೆ. ಅದಕ್ಕಾಗಿ ಒಂದು ಇಡೀ ಸಂಜೆ ತೆಗೆದಿಟ್ಟಿದ್ದೀರಿ. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಸ್ಪಷ್ಟ. ಜ್ಯೂಸ್‌ನಂತೆ ಮುಖ ಮಾತ್ರವಲ್ಲ, ಪೂರಾ ಆಳು. ಕೋಟೆ ಬೇಕೆಂದರೆ ವಾಗಿನಗೇರಿ. 1705ರಲ್ಲಿ ಮುಪ್ಪಿನ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ನಮ್ಮ ನಾಯಕರ ಮೇಲೆ ಮುತ್ತಿಗೆ ಹಾಕಿದ್ದು ಅಲ್ಲಿಯೇ, ಅದು ಅವನ ಕಡೆಯ ಮುತ್ತಿಗೆ. ಹಕ್ಕಿಗೆ ಬೋನಾಳ ಕೆರೆ. ಬೆಳಕಿಗಂತೂ ಬರವಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದ ಬೆಳಕು ಇಲ್ಲಿ ಬೇಡವೆಂದರೂ ಸಿಗುತ್ತದೆ.

ಕರಪತ್ರದ ಮುಖಪುಟದಲ್ಲಿ ಬಾಗಿಲ ಮುಂದೆ ಕುಳಿತ ಒಬ್ಬ ಕ್ರೀಟ್ ಅಜ್ಜಿ ಇದ್ದಾಳೆ, ಕಪ್ಪು ಉಡುಪು, ಮುಖದ ತುಂಬ ಗೆರೆ. ಆ ಗೆರೆಗಳಿಗಾಗಿಯೇ ಜನ ಲೆನ್ಸ್ ಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು. ಅಂಥ ಗೆರೆಗಳು ನಮ್ಮ ಅಗಸಿ ಕಟ್ಟೆಯ ಮೇಲೆ ಸಾಲಾಗಿ ಕುಳಿತಿರುತ್ತವೆ. ಅಲ್ಲಿ ಅವಕ್ಕೆ ವ್ಯಕ್ತಿತ್ವ ಅನ್ನುತ್ತಾರೆ, ಇಲ್ಲಿ ಅಪೌಷ್ಟಿಕತೆ ಎಂದು ಸರ್ವೆ ಫಾರಮ್ಮಿನಲ್ಲಿ ತುಂಬುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಕ್ಯಾಮೆರಾ ಎತ್ತಿದ ಕೂಡಲೇ ನಮ್ಮ ಆಯಿಗಳು ಸೆರಗು ಸರಿಮಾಡಿಕೊಂಡು ಕೇಳುವುದು ಒಂದೇ ಪ್ರಶ್ನೆ: “ಯಪ್ಪಾ, ಇದು ಪಿಂಚಣಿದೇನು, ಮನಿ ಬಿದ್ದ ಪರಿಹಾರದ್ದೇನು?” ಸಹಜ ಭಂಗಿ ಬೇಕಾದವರು ಇದಕ್ಕೊಂದು ಉತ್ತರ ತಯಾರು ಮಾಡಿಕೊಂಡು ಬರಬೇಕು. ನಮ್ಮ ಹತ್ತಿರ ಇಲ್ಲ.

ನಿಮ್ಮ ಕಾರ್ಯಕ್ರಮದ ಮುಕುಟ ಸ್ಪಿನಾಲೊಂಗಾ ದ್ವೀಪ. 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ತಂದು ಬಿಡುತ್ತಿದ್ದ ಜಾಗ. ಈಗ ಅದೇ ನೀರಿನ ಮೇಲೆ ಟಿಕೆಟ್ ಕೊಂಡ ಪ್ರವಾಸಿಗರನ್ನು ದೋಣಿಗಳು ಸಾಗಿಸುತ್ತವೆ. ದ್ವೀಪ ನಮ್ಮಲ್ಲೂ ಇದೆ ಸ್ವಾಮಿ. ಕಕ್ಕೇರಾ ಬಳಿ ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡಿ. ಕ್ರೀಟಿನಲ್ಲಿ ರೋಗಿಗಳನ್ನು ದ್ವೀಪಕ್ಕೆ ಕಳಿಸುತ್ತಿದ್ದರು, ಇಲ್ಲಿ ರೋಗಿ ದ್ವೀಪ ಬಿಟ್ಟು ಹೊರಗೆ ಬರಬೇಕು. 2014ರ ಜುಲೈ ಕೊನೆಯಲ್ಲಿ, ಹೊಳೆ ಎರಡೂ ದಂಡೆ ತುಂಬಿ ಹರಿಯುವಾಗ, ದಿನ ತುಂಬಿದ ಬಸುರಿಯೊಬ್ಬಳು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಕೃಷ್ಣೆಯನ್ನು ಈಜಿ ಆಚೆ ದಂಡೆ ಸೇರಿದಳು. ಅಪ್ಪ, ಅಣ್ಣತಮ್ಮಂದಿರು ಜೊತೆಗೆ ಈಜಿದರು. ಹೆರಿಗೆಗೆ ಡಾಕ್ಟರು ಇರುವ ಕಡೆ ತಲುಪಬೇಕಿತ್ತು, ಅಷ್ಟೇ. ವಿದೇಶದ ಪತ್ರಿಕೆಗಳೂ ಬರೆದವು. ಅಂದರೆ ಪ್ರಚಾರದ ಖರ್ಚು ನಿಮಗೆ ಉಳಿಯಿತು. ಆ ಬುರುಡೆಗಳನ್ನು ನಿಮ್ಮ ಭಾಷೆಯಲ್ಲಿ ಸ್ಥಳೀಯ ಜ್ಞಾನದಿಂದ ಮೂಡಿದ ಪ್ಲಾಸ್ಟಿಕ್ ಮುಕ್ತ ಲೈಫ್ ಜಾಕೆಟ್ ಎಂದು ಹಾಕಿಕೊಳ್ಳಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟ ವಾರ ನೋಡಿ ತಾರೀಖು ಗೊತ್ತು ಮಾಡಬೇಕು. ಸೇತುವೆ ಮಾತನ್ನು ಅತಿಥಿಗಳ ಮುಂದೆ ಎತ್ತಬೇಡಿ, ಸೇತುವೆ ದಾಟಿ ಹೋಗುವ ದ್ವೀಪಕ್ಕೆ ಅಷ್ಟು ದರ ಹುಟ್ಟುವುದಿಲ್ಲ.

ಇಷ್ಟು ದೂರ ಬರಲು ನಿಮಗೆ ಬೇಜಾರಾದರೆ ಇನ್ನೂ ಸುಲಭದ ದಾರಿಯಿದೆ. ಸುಗ್ಗಿ ಮುಗಿದ ಮೇಲೆ ನಮ್ಮ ಊರುಗಳಿಂದ ಬೆಂಗಳೂರಿಗೆ ಬಸ್ಸುಗಟ್ಟಲೆ ಜನ ಹೊರಡುತ್ತಾರೆ, ಮಕ್ಕಳುಮರಿ, ಪಾತ್ರೆ, ರೊಟ್ಟಿ ಚೀಲ ಸಮೇತ. ಅವರದೂ ಎಲ್ಲ ಸೇರಿದ ಪ್ಯಾಕೇಜೇ: ಮೇಸ್ತ್ರಿ ಕೊಡುವ ಮುಂಗಡ, ತಗಡಿನ ಶೆಡ್ಡು, ಕಟ್ಟಡ ಮುಗಿಯುವ ತನಕ ವಾಸ್ತವ್ಯ. ನಿಮ್ಮ ಆಫೀಸಿನ ಹಿಂದೆ ಹೊಸ ಅಪಾರ್ಟ್‌ಮೆಂಟು ಏಳುತ್ತಿದ್ದರೆ ಸಂಜೆ ಒಮ್ಮೆ ಗೋಡೆಯಾಚೆ ಇಣುಕಿ. ಮೂರು ಕಲ್ಲಿನ ಒಲೆ ಉರಿಯುತ್ತಿರುತ್ತದೆ, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಹೊಗೆ, ಇಳಿಬಿಸಿಲು, ಕೆಲಸ ಮುಗಿಸಿದ ಕೈಗಳು. ವಿಮಾನದ ಖರ್ಚೂ ಇಲ್ಲ.

ವಸತಿಗೆ ನಮ್ಮ ಗುಡ್ಡದ ಮೇಲೆ 1844ರ ಟೇಲರ್ ಮಂಜಿಲ್ ಇದೆ. ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬ ಇಲ್ಲಿ ಎಳೆಯ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಂಡಿದ್ದವನು, ಕಡೆಗೆ 1876ರಲ್ಲಿ ತೀರಿಕೊಂಡದ್ದು ಮೆಡಿಟರೇನಿಯನ್ ದಂಡೆಯ ಮೆಂಟನ್ ಎಂಬ ಊರಿನಲ್ಲಿ. ಹೀಗಾಗಿ ನಿಮ್ಮ ಸಮುದ್ರಕ್ಕೂ ನಮ್ಮ ಗುಡ್ಡಕ್ಕೂ ಹಳೆಯ ಬಳಕೆ ಇದೆ ಎಂದು ಕರಪತ್ರದಲ್ಲಿ ಧೈರ್ಯವಾಗಿ ಹಾಕಬಹುದು.

ಒಂದು ತೊಡಕು ಮಾತ್ರ ಉಳಿದಿದೆ, ಅದನ್ನು ನಿಮ್ಮ ಲೆಕ್ಕಪತ್ರದವರ ಹತ್ತಿರ ಕೇಳಿ ತಿಳಿಸಬೇಕು. ಊಟದ ಹೊತ್ತಿಗೆ ಹೊಲದ ಬದುವಿನಲ್ಲಿ ನಿಂತವರನ್ನು ಇಲ್ಲಿ ಹಾಗೇ ಕಳಿಸುವ ರೂಢಿಯಿಲ್ಲ. “ಬರ್ರಿ, ಊಟಕ್ಕ ಕೂಡ್ರಿ” ಎಂದು ಬುತ್ತಿ ಬಿಚ್ಚಿ, ನಿಮ್ಮ ಅಷ್ಟೂ ಮಂದಿಯ ಅಂಗೈಗೆ ರೊಟ್ಟಿ ಪಲ್ಯ ಇಟ್ಟುಬಿಡುತ್ತಾರೆ. ರೊಕ್ಕ ಕೊಡಲು ಹೋದರೆ ಸಿಟ್ಟಾಗುತ್ತಾರೆ, ರಶೀದಿಯಂತೂ ಕೊಡುವುದಿಲ್ಲ. ಆ ಊಟಕ್ಕೆ ನೀವು ಅತಿಥಿಗಳಿಂದ ಎಷ್ಟು ಹಿಡಿಯುತ್ತೀರಿ, ಮೇಲೆ ಜಿಎಸ್‌ಟಿ ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಉತ್ತರದ ನಿರೀಕ್ಷೆಯಲ್ಲಿ,

ಸುರಪುರದ ಒಬ್ಬ ನಿವಾಸಿ